ಕಾಡಿನ ಕಥೆಗಳಲ್ಲಿ ಕಾನಿಗೆ ಜಾಗ ಎಲ್ಲಿ?

2022ರ ಸೆಪ್ಟೆಂಬರ್ 30ಕ್ಕೆ ‘ಕಾಂತಾರ’ ಬಂತು. ಅಕ್ಟೋಬರ್ 28ಕ್ಕೆ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಬಂತು. ಒಂದೇ ತಿಂಗಳ ಅಂತರದಲ್ಲಿ ಕನ್ನಡದ ಪ್ರೇಕ್ಷಕ ಎರಡು ಸಲ ಥಿಯೇಟರಿನಲ್ಲಿ ಕೂತು ಕಣ್ತುಂಬ ಕಾಡು ನೋಡಿದ. ಅದಾದ ಮೇಲೆ ನಮ್ಮಂಥ ಸಾಫ್ಟ್‌ವೇರ್ ಜನರ ಇನ್‌ಬಾಕ್ಸಿಗೆ ‘ಪಶ್ಚಿಮ ಘಟ್ಟ ಉಳಿಸೋಣ ಬನ್ನಿ’ ಅನ್ನೋ ಆಹ್ವಾನಗಳು ಬರೋದೂ ಜಾಸ್ತಿಯಾಯ್ತು. ಶನಿವಾರ ರಾತ್ರಿ ಬಸ್ಸು, ಭಾನುವಾರ ಬೆಳಿಗ್ಗೆ ಗಿಡ ನೆಡೋದು, ಮಧ್ಯಾಹ್ನ ಬಾಳೆಲೆ ಊಟ, ಸೋಮವಾರ ಬೆಳಿಗ್ಗೆ ವಾಪಸ್ ಲಾಗಿನ್.

ಇದನ್ನ ಗೇಲಿ ಮಾಡೋಕೆ ಹೇಳ್ತಿಲ್ಲ. ವಾರವಿಡೀ ದುಡಿದು ದಣಿದವರು ಒಂದು ಭಾನುವಾರ ಬಿಟ್ಟುಕೊಟ್ಟು ಕಾಡಿಗೆ ಹೋಗ್ತಾರೆ ಅಂದ್ರೆ ಆ ಮನಸ್ಸು ದೊಡ್ಡದೇ. ಆದರೆ ಅವರ ತಲೆಯಲ್ಲಿ ‘ಕಾಡು’ ಅಂದ ತಕ್ಷಣ ಮೂಡೋ ಚಿತ್ರ ಎಲ್ಲಿಂದ ಬಂತು? ಬಹಳಷ್ಟು ಜನರಿಗೆ ಅದು ಬಂದಿದ್ದು ಸಿನಿಮಾದಿಂದ, ಕಾದಂಬರಿಯಿಂದ. ಹಾಗಾಗಿ ಸ್ವಯಂಸೇವಕರ ಕೆಲಸದ ಬಗ್ಗೆ ಮಾತಾಡೋ ಮುಂಚೆ, ಅವರಿಗೆ ಕಾಡು ಕಲಿಸಿದ ಕಥೆಗಳ ಬಗ್ಗೆ ಮಾತಾಡಬೇಕು ಅನ್ನೋದು ನನ್ನ ತಕರಾರು.

ನನಗೂ ಕಾಡು ಸಿಕ್ಕಿದ್ದು ಹಾಗೆಯೇ. ನಾನು ಗೊರೇಬಾಳದವನು. ಸಿಂಧನೂರು, ಮಸ್ಕಿ, ಲಿಂಗಸೂಗೂರು ಕಡೆ ಕಾಡು ಅಂದ್ರೆ ಹಳ್ಳದ ದಂಡಿಗೆ ಬೆಳೆಯೋ ಬಳ್ಳಾರಿ ಜಾಲಿ. ಉಳಿದಿದ್ದೆಲ್ಲ ಎರೆಹೊಲ, ಕಾಲುವೆ, ನೆಲ್ಲು. ಬಿಇ ಮುಗಿಸಿ ಕೆಲಸಕ್ಕೆ ಸೇರೋ ತನಕ ವರ್ಷಪೂರ್ತಿ ಹಸಿರಾಗಿರೋ ಕಾಡನ್ನ ನಾನು ಕಂಡಿದ್ದು ಪರದೆ ಮೇಲೆ, ಪುಟದ ಮೇಲೆ ಮಾತ್ರ. ಮಲೆನಾಡಲ್ಲಿ ಹುಟ್ಟಿದವನಿಗೆ ಕಥೆ ತಪ್ಪಿದ್ರೂ ಕಾಡು ಮನೆ ಹಿಂದೇನೇ ಇರುತ್ತೆ, ತಿದ್ದಿಕೊಳ್ತಾನೆ. ನಮಗೆ ಆ ಸೌಲಭ್ಯ ಇಲ್ಲ. ಕಥೆ ಏನು ಬಿಟ್ಟಿತೋ ಅದು ನಮ್ಮ ಪಾಲಿಗೆ ಇಲ್ಲವೇ ಇಲ್ಲ.

ಮತ್ತೆ ನಮ್ಮ ಕಥೆಗಳು ಬಿಟ್ಟಿದ್ದು ಚಿಕ್ಕ ಕಾಡನ್ನ.

ಸೊರಬ, ಸಾಗರ, ಸಿದ್ದಾಪುರದ ಕಡೆ ‘ಕಾನು’ ಅಂತಾರೆ. ಸುತ್ತ ಎಲೆ ಉದುರಿಸೋ ಕಾಡು, ಗದ್ದೆ, ಬೇಣ ಇರುತ್ತೆ; ನಡುವೆ ಒಂದು ಕಡೆ ಬಿಸಿಲು ನೆಲ ಮುಟ್ಟದ ಹಾಗೆ ಕವುಚಿಕೊಂಡಿರೋ ನಿತ್ಯಹಸಿರಿನ ತುಂಡು. ಒಳಗೆ ನೀರಿನ ಒರತೆ, ಒಂದು ದೇವರು ಅಥವಾ ಭೂತಪ್ಪ. ಊರವರು ಅಲ್ಲಿಂದ ಕಾಳುಮೆಣಸು ಕೊಯ್ತಿದ್ರು, ಬೈನೆ ಮರದಿಂದ ಕಳ್ಳು ಇಳಿಸ್ತಿದ್ರು, ಆದರೆ ಮರಕ್ಕೆ ಕೊಡಲಿ ಹಾಕ್ತಿರಲಿಲ್ಲ. 1868ರಷ್ಟು ಹಿಂದೆಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನೋ ಇಬ್ಬರು ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಮೇಲೆ ಅಂತಲೇ ಒಂದು ವರದಿ ಬರೆದಿದ್ದಾರೆ. ಕೊಡಗಿನಲ್ಲಿ ಇಂಥದ್ದಕ್ಕೆ ‘ದೇವರಕಾಡು’ ಅಂತಾರೆ. ಸಾವಿರದ ಇನ್ನೂರಕ್ಕೂ ಹೆಚ್ಚಿವೆ, ಬಹಳಷ್ಟು ಕೆಲವೇ ಎಕರೆಯವು. 1905ರಲ್ಲಿ ಅವುಗಳ ಒಟ್ಟು ವಿಸ್ತೀರ್ಣ 15,506 ಎಕರೆ. 1985ರ ಹೊತ್ತಿಗೆ 6,299 ಎಕರೆ. ಎಂಬತ್ತು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದೆ. ಯಾರೂ ಒಂದೇ ರಾತ್ರಿ ಲಾರಿ ತಂದು ಕದ್ದುಕೊಂಡು ಹೋಗಿದ್ದಲ್ಲ. ಕಾಫಿ ತೋಟದ ಬೇಲಿ ವರ್ಷಕ್ಕೆ ಒಂದಿಷ್ಟು ಒಳಗೆ ಸರಿಯಿತು, ಅಷ್ಟೇ.

(ಅಂದಹಾಗೆ, ಕುವೆಂಪು ಅವರ ಮೊದಲ ಕಾದಂಬರಿಯ ಹೆಸರಲ್ಲೇ ಈ ಪದ ಕೂತಿದೆ. ‘ಕಾನೂರು ಹೆಗ್ಗಡಿತಿ’ ಅಂತ ನೂರು ಸಲ ಅಂದಿರ್ತೀವಿ. ‘ಕಾನು’ ಅಂದ್ರೇನು ಅಂತ ನಮ್ಮ ಕಡೆಯ ಯಾವ ಮೇಷ್ಟ್ರೂ ಕೇಳಲಿಲ್ಲ.)

ಈಗ ಸಿನಿಮಾಕ್ಕೆ ಬರೋಣ. 1973ರ ‘ಗಂಧದ ಗುಡಿ’ಯಲ್ಲಿ ಕಾಡಿನ ಸಮಸ್ಯೆ ಅಂದ್ರೆ ಕಳ್ಳ, ಪರಿಹಾರ ಅಂದ್ರೆ ರಾಜ್‌ಕುಮಾರ್. ಪ್ರಾಮಾಣಿಕ ಅರಣ್ಯಾಧಿಕಾರಿ ಬಂದು ಮರಗಳ್ಳರನ್ನ ಬಡಿದರೆ ಕಾಡು ಉಳೀತು. ಅಣ್ಣಾವ್ರ ಆ ಪಾತ್ರದಿಂದ ಎಷ್ಟೋ ಜನ ಕಾಡು, ಪ್ರಾಣಿ ಅಂತ ಯೋಚನೆ ಮಾಡೋಕೆ ಶುರು ಮಾಡಿದ್ರು, ಆ ಋಣ ದೊಡ್ಡದು. ಆದರೆ ಆ ಚೌಕಟ್ಟು ಐವತ್ತು ವರ್ಷದಿಂದ ನಮ್ಮನ್ನ ಬಿಟ್ಟಿಲ್ಲ. ಕಾಡಿನ ತುಂಡನ್ನ ಮುಗಿಸೋನು ಖಳನಾಯಕ ಅಲ್ಲ. ತೋಟಕ್ಕೆ ಇನ್ನೆರಡು ಸಾಲು ಅಡಿಕೆ ಸೇರಿಸಿಕೊಂಡ ಒಬ್ಬ ಒಳ್ಳೆ ಮನುಷ್ಯ, ಬೇಸಿಗೆಯಲ್ಲಿ ಒರತೆಗೆ ಪಂಪ್ ಇಟ್ಟ ಅವನ ನೆಂಟ, ರಸ್ತೆ ಅಗಲ ಮಾಡಿ ಅಂತ ಅರ್ಜಿ ಕೊಟ್ಟ ಪಂಚಾಯ್ತಿ ಮೆಂಬರ್. ಇವರಲ್ಲಿ ಯಾರನ್ನ ಹೊಡೀತೀರಿ?

‘ಕಾಂತಾರ’ ಇಲ್ಲಿ ಒಂದು ಹೆಜ್ಜೆ ಮುಂದೆ ಇದೆ. ಕಾಡಿನ ಜಾಗ ಯಾರದ್ದು ಅನ್ನೋ ಪ್ರಶ್ನೆಯನ್ನ ಅದು ನೇರ ಎತ್ತಿಕೊಂಡಿತು. ರಾಜ ಕೊಟ್ಟ ಮಾತು, ದೈವದ ಕಾವಲು, ಸರ್ವೆ ಮಾಡೋಕೆ ಬಂದ ಅರಣ್ಯಾಧಿಕಾರಿ, ಜಮೀನು ನುಂಗೋಕೆ ಕಾದಿರೋ ಧಣಿ. ಇಲಾಖೆಯವನು ಕೊನೆಗೂ ಖಳ ಅಲ್ಲ ಅನ್ನೋದು ಆ ಸಿನಿಮಾದ ಜಾಣತನ. ಆದರೆ ಇಡೀ ಕಥೆಯಲ್ಲಿ ಕಾಡು ಅಂದ್ರೆ ಹಕ್ಕು, ಕಾಡು ಅಂದ್ರೆ ಕತ್ತಲು, ಕಾಡು ಅಂದ್ರೆ ಬೆಂಕಿಪಂಜು. ಹೊರಗೆ ಬಂದ ಮೇಲೆ ಕೂಗು ಕಿವಿಯಲ್ಲಿ ಉಳೀತು, ಒಂದು ಮರದ ಹೆಸರು ಬಾಯಲ್ಲಿ ಉಳೀಲಿಲ್ಲ.

2022ರ ‘ಗಂಧದ ಗುಡಿ’ ನನಗೆ ಬೇರೆ ಕಾರಣಕ್ಕೆ ಇಷ್ಟ. ಅಲ್ಲಿ ಪುನೀತ್ ಹೀರೋ ಅಲ್ಲ. ಹಾವು ಕಂಡ್ರೆ ಹೆದರೋ, ಪಕ್ಕದಲ್ಲಿರೋ ಅಮೋಘವರ್ಷನನ್ನ ಪ್ರಶ್ನೆ ಕೇಳೋ ಒಬ್ಬ ಪ್ರವಾಸಿ. ಗೊತ್ತಿಲ್ಲದವನಾಗಿ ಕಾಡಿಗೆ ಹೋಗೋ ಸ್ಟಾರ್‌ನನ್ನ ಕನ್ನಡ ಸಿನಿಮಾ ಅಪರೂಪಕ್ಕೆ ತೋರಿಸಿದೆ. ಆದರೆ ಅಲ್ಲೂ ಕ್ಯಾಮೆರಾ ದೊಡ್ಡದನ್ನೇ ಪ್ರೀತಿಸುತ್ತೆ. ಮೇಲಿಂದ ನೋಡಿದ ಬೆಟ್ಟದ ಸಾಲು, ಮಂಜು, ನದಿ, ಕಾಳಿಂಗ. ಆಕಾಶದಿಂದ ನೋಡಿದಾಗ ಎಲ್ಲ ಹಸಿರೂ ಒಂದೇ ಹಸಿರು. ಅಕೇಶಿಯಾ ನೆಡುತೋಪೂ ಹಸಿರೇ, ಅಡಿಕೆ ತೋಟವೂ ಹಸಿರೇ, ನಡುವೆ ಉಸಿರು ಹಿಡಕೊಂಡಿರೋ ಮೂರೆಕರೆ ಕಾನೂ ಹಸಿರೇ. ವ್ಯತ್ಯಾಸ ಕಾಣಬೇಕಾದ್ರೆ ಕೆಳಗಿಳಿದು ಮೊಣಕಾಲು ಮಟ್ಟ ಕೆಸರಿಗೆ ಕಾಲಿಡಬೇಕು.

ಪುಸ್ತಕದಲ್ಲಿ ವಿಷಯ ಇನ್ನೂ ಗೋಜಲಿದೆ. ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ಓದಿದಾಗ ನನಗೆ ನೆನಪಾದದ್ದು ಕಾಡಲ್ಲ, ನಮ್ಮ ಕ್ಯಾಂಪಿನ ಹಿರಿಯರು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು, ಕ್ಯಾಂಪ್ ಹಾಕಿ, ಏರುಪೇರು ಎರೆಹೊಲಗಳನ್ನ ಕನ್ನಡಿ ಹಾಗೆ ಮಟ್ಟ ಮಾಡಿ ಗದ್ದೆ ಮಾಡಿದ ಜನ. ನಮ್ಮವರಿಗೆ ಅವರ ಮೇಲೆ ಅಸೂಯೆಯೂ ಉಂಟು, ಅದಕ್ಕಿಂತ ಹೆಚ್ಚು ಬೆರಗು. ಕುಮಾರಪರ್ವತದ ಬುಡದಲ್ಲಿ ಕಾಡು ಕಡಿದು, ಆನೆ ಹುಲಿಗಳ ಜೊತೆ ಗುದ್ದಾಡಿ ಅಡಿಕೆ ತೋಟ ಎಬ್ಬಿಸಿದ ಗೋಪಾಲಯ್ಯ ಅದೇ ಜಾತಿಯ ಮನುಷ್ಯ. ಕಾರಂತರು ಅವನನ್ನ ಎಷ್ಟು ಪ್ರೀತಿಯಿಂದ ಬರೆದಿದ್ದಾರೆ ಅಂದ್ರೆ, ಮಗ ಬಿಟ್ಟು ಹೋದ ದುಃಖ ನುಂಗಿಕೊಂಡು ನಗ್ತಾ ದುಡಿಯೋ ಆ ಮುದುಕನ ಎದುರು ‘ಅಜ್ಜಾ, ನೀನು ಮಳೆಕಾಡು ಹಾಳು ಮಾಡಿದೆ’ ಅಂತ ಹೇಳೋ ಧೈರ್ಯ ಯಾವ ಪರಿಸರವಾದಿಗೂ ಬರಲ್ಲ.

ಕೆಲವರು ಇವತ್ತಿನ ಕಣ್ಣಿಂದ ಆ ಕಾದಂಬರಿಯನ್ನ ಕಾಡಿನ ವಿರೋಧಿ ಅಂತ ಓದ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅದು ನಮಗೆ ಕೊಡೋದು ಇನ್ನೂ ಉಪಯೋಗದ ವಸ್ತು: ಕಾಡನ್ನ ಕಳೆಯೋ ಮನುಷ್ಯನ ಒಳ್ಳೆಯತನ. ಅದು ಅರ್ಥವಾಗದೆ ಕಾನು ಉಳಿಸೋಕೆ ಹೊರಟವರು ಊರಿನ ಮೊದಲ ಮನೆಯಲ್ಲೇ ಜಗಳ ತೆಗೀತಾರೆ. ಅದೇ ಕಾರಂತರು 1989ರಲ್ಲಿ, ಎಂಬತ್ತೇಳರ ವಯಸ್ಸಲ್ಲಿ, ಪರಿಸರದ ವಿಷಯಕ್ಕೇ ಅಂತ ಉತ್ತರ ಕನ್ನಡದಿಂದ ಲೋಕಸಭಾ ಚುನಾವಣೆಗೆ ನಿಂತು ಸೋತರು. ಗೋಪಾಲಯ್ಯನನ್ನ ಬರೆದ ಕೈಯೇ ಅದು. ಆ ನಲವತ್ತಾರು ವರ್ಷದಲ್ಲಿ ಮಲೆನಾಡಿಗೆ ಅಣೆಕಟ್ಟು, ಗಣಿ, ನೆಡುತೋಪು ಎಲ್ಲ ಬಂದಿದ್ದವು.

ಗೋಪಾಲಯ್ಯನಂಥವರ ತೋಟ ಎಲ್ಲಿ ಎದ್ದಿತು ಅನ್ನೋದನ್ನ ಗಮನಿಸಿ. ಅಡಿಕೆಗೆ ಬೇಕಾದ್ದು ಕಣಿವೆಯ ತಳ, ಬೇಸಿಗೆಯಲ್ಲೂ ಆರದ ನೀರು, ಗಾಳಿ ತಡೆಯೋ ಬೆಟ್ಟ. ಘಟ್ಟದಲ್ಲಿ ಅಂಥ ಜಾಗದಲ್ಲಿ ಮೊದಲು ಇದ್ದದ್ದು ಹಲವು ಕಡೆ ‘ರಾಮಪತ್ರೆ ಜಡ್ಡಿ’. ಜಾಯಿಕಾಯಿ ಕುಟುಂಬದ ಮರಗಳು ಸಿಹಿನೀರಿನ ಜೌಗಿನಲ್ಲಿ ನಿಂತು ಮಾಡಿಕೊಂಡ ಕಾಡು ಅದು. ಹೂಬಿಡೋ ಸಸ್ಯಗಳಲ್ಲಿ ಬಹಳ ಹಳೇ ಕುಟುಂಬ. ಕೆಸರಿನಲ್ಲಿ ಉಸಿರಾಡೋಕೆ ಬೇರುಗಳು ಮೇಲೆದ್ದು, ಮಡಚಿದ ಮಂಡಿಯ ಹಾಗೆ ಬಾಗಿ ಮತ್ತೆ ಕೆಳಗಿಳೀತವೆ. ಇನ್ನೊಂದು ಜಾತಿ ಊರುಗೋಲಿನಂಥ ಬೇರು ಬಿಟ್ಟು ನಿಂತಿರುತ್ತೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಇಂಥದ್ದರಲ್ಲಿ ಹೆಸರಾದ ಜಾಗ. ಹೊನ್ನಾವರದಿಂದ ಜೋಗಕ್ಕೆ ಹೋಗೋ ಹೆದ್ದಾರಿ ಪಕ್ಕದಲ್ಲೇ ಇದೆ. ಗೇರು ಗುಂಪಿಗೆ ಸೇರಿದ ಒಂದು ದೊಡ್ಡ ಮರವನ್ನ 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಅಲ್ಲಿಂದಲೇ ಹೊಸ ಜಾತಿ ಅಂತ ಜಗತ್ತಿಗೆ ಪರಿಚಯಿಸಿದರು. ಅದರ ಹೆಸರಲ್ಲೇ ಕತ್ತಲೆಕಾನು ಇದೆ: ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಜನ ದಿನಾ ಬಸ್ಸಲ್ಲಿ ಓಡಾಡೋ ರಸ್ತೆ ಬದಿ, ಇಪ್ಪತ್ತನೇ ಶತಮಾನ ಮುಗಿಯೋ ತನಕ ಹೆಸರಿಲ್ಲದೆ ನಿಂತಿದ್ದ ಮರ!

ಇದನ್ನ ಓದಿದ ಮೇಲೇ ನನಗೆ ಬೀಜದುಂಡೆಯ ಮೇಲಿನ ಭಕ್ತಿ ಹೋಗಿದ್ದು. ನಾನು ಹಿಂದೆ ಕೆಲಸಕ್ಕಿದ್ದ ಒಂದು ಕಂಪನಿಯಲ್ಲಿ ಮಳೆಗಾಲಕ್ಕೆ ಮುಂಚೆ ಸಾವಿರಾರು ಬೀಜದುಂಡೆ ಮಾಡಿಸ್ತಿದ್ರು. ಮಣ್ಣು, ಗೊಬ್ಬರ, ಒಳಗೆ ಹೊಂಗೆ, ಬೇವು, ಹುಣಸೆ ಬೀಜ. ಒಣಗಿಸಿ, ಚೀಲಕ್ಕೆ ತುಂಬಿ, ಘಟ್ಟಕ್ಕೆ ಒಯ್ದು ಎಸೆಯೋದು. ಆ ಉಂಡೆಗಳನ್ನ ಮಸ್ಕಿ ಗುಡ್ಡಕ್ಕೆ ಎಸೆದಿದ್ರೆ ಒಂದೆರಡಾದ್ರೂ ಚಿಗುರುತ್ತಿದ್ದವೇನೋ, ಅವು ನಮ್ಮ ಕಡೆ ಗಿಡಗಳು. ರಾಮಪತ್ರೆಯಂಥ ಮಳೆಕಾಡಿನ ಮರಗಳ ಬೀಜ ದೊಡ್ಡದು, ಹಸಿಯಾಗಿಯೇ ಮೊಳೆಯಬೇಕು, ಒಣಗಿದರೆ ಸತ್ತೇಹೋಗುತ್ತೆ. ಉಂಡೆ ಕಟ್ಟಿ ಗೋದಾಮಿನಲ್ಲಿ ಇಡೋ ಜಾತಿಯೇ ಅಲ್ಲ. ಮಂಗಟ್ಟೆ ಹಕ್ಕಿ ಹಣ್ಣು ನುಂಗಿ ಹಾರಿ ಇನ್ನೊಂದು ಮರದ ಮೇಲೆ ಕೂತು ಉಗುಳಬೇಕು, ಕೆಳಗೆ ನೆರಳಿರಬೇಕು, ನೆಲ ತೇವ ಇರಬೇಕು. ಈ ಮೂರರಲ್ಲಿ ಒಂದು ಕೈಕೊಟ್ಟರೂ ಮರ ಅಲ್ಲಿಗೇ ಕೊನೆ. ತುಂಡು ಚಿಕ್ಕದಾದಷ್ಟೂ ಅಂಚಿನಿಂದ ಬಿಸಿಲು, ಗಾಳಿ ಒಳಗೆ ನುಗ್ಗಿ ತೇವ ಆರುತ್ತೆ. ಬ್ರೆಜಿಲಿನ ಮನಾಉಸ್ ಹತ್ತಿರ 1979ರಿಂದ ಇದನ್ನೇ ಅಳೀತಾ ಬಂದಿದ್ದಾರೆ, ಒಂದು ಹೆಕ್ಟೇರ್, ಹತ್ತು, ನೂರು ಅಂತ ತುಂಡುಗಳನ್ನ ಗುರುತು ಮಾಡಿಕೊಂಡು. ಅಂಚಿನ ದೊಡ್ಡ ಮರಗಳೇ ಮೊದಲು ಸಾಯ್ತವೆ ಅಂತ ಅಲ್ಲಿ ಕಂಡುಬಂತು.

ಸಿದ್ದಾಪುರದ ಕಡೆಯ ನನ್ನ ಸಹೋದ್ಯೋಗಿ ಒಬ್ಬರು ಒಮ್ಮೆ ಊಟದ ಹೊತ್ತಲ್ಲಿ ಅಂದಿದ್ದು: “ಮಾರಾಯ್ರೇ, ಗಿಡ ನೆಡೋಕೆ ಅಂತ ಎಲ್ಲರೂ ಬರ್ತಾರೆ. ಇರೋ ಗಿಡ ನೋಡೋಕೆ ಬನ್ನಿ ಅಂದ್ರೆ ಯಾರೂ ಬರಲ್ಲ. ನಮ್ಮ ಕಾನಲ್ಲಿ ನೆಡೋಕೆ ಜಾಗ ಎಲ್ಲಿದೆ?”

ಈ ಮಾತಿಗೆ ಸರಿಯಾದ ಪುಸ್ತಕ ಕನ್ನಡದಲ್ಲಿ ಒಂದಿದೆ, ನಾವು ಅದನ್ನ ಬೇರೆಯದೇ ಪುಸ್ತಕ ಅಂತ ಓದ್ತಾ ಬಂದಿದ್ದೀವಿ. ತೇಜಸ್ವಿ ಅವರ ‘ಕರ್ವಾಲೊ’ (1980). ವಿಕಾಸವಾದ, ಕಾಲ, ಜ್ಞಾನದ ಹುಡುಕಾಟ ಅಂತೆಲ್ಲ ಅದರ ಮೇಲೆ ಬೇಕಾದಷ್ಟು ವಿಮರ್ಶೆ ಬಂದಿದೆ. ನಾನು ಅದನ್ನ ಒಂದು ಸ್ವಯಂಸೇವಕ ತಂಡದ ಕಥೆಯಾಗಿ ಓದ್ತೀನಿ. ತಂಡದಲ್ಲಿ ಯಾರಿದ್ದಾರೆ ನೋಡಿ. ಒಬ್ಬ ವಿಜ್ಞಾನಿ, ಒಬ್ಬ ಅರೆಮನಸ್ಸಿನ ರೈತ, ಫೋಟೋ ತೆಗೆಯೋ ಪ್ರಭಾಕರ, ಮರ ಹತ್ತೋದ್ರಲ್ಲೂ ಅಡುಗೆಯಲ್ಲೂ ನಿಸ್ಸೀಮ ಬಿರ್ಯಾನಿ ಕರಿಯಪ್ಪ, ನಾಯಿ ಕಿವಿ, ಮತ್ತು ಜೇನು ಕೀಳೋ ಮಂದಣ್ಣ. ಹಾರುವ ಓತಿಯನ್ನ ಕಣ್ಣಾರೆ ಕಂಡವನು ಮಂದಣ್ಣ ಒಬ್ಬನೇ. ಉಳಿದವರ ಓದು, ಕ್ಯಾಮೆರಾ ಎಲ್ಲ ಅವನ ಕಣ್ಣಿನ ಹಿಂದೆ ಹೋಗಬೇಕು.

ಮತ್ತೆ ಆ ಮಂದಣ್ಣನ ಕಷ್ಟಗಳು! ಅವನಿಗೆ ಮದುವೆ ಆಗಬೇಕು, ಕಳ್ಳಭಟ್ಟಿ ಕೇಸಲ್ಲಿ ಸಿಕ್ಕಿಬಿದ್ದಿದ್ದಾನೆ. ಕರ್ವಾಲೊ ಅಂಥ ದೊಡ್ಡ ವಿಜ್ಞಾನಿ ತನ್ನ ಸಂಶೋಧನೆ ಬಿಟ್ಟು ಇವನ ಮದುವೆ, ಕೋರ್ಟು ಅಂತ ತಲೆಕೆಡಿಸಿಕೊಳ್ತಾನೆ. ಮೊದಲ ಸಲ ಓದಿದಾಗ ಇದೆಲ್ಲ ಕಥೆಗೆ ಹಾಕಿದ ತಮಾಷೆಯ ಒಗ್ಗರಣೆ ಅನಿಸುತ್ತೆ. ಅಲ್ಲ. ಕಾದಂಬರಿಯ ಅರ್ಧ ಭಾಗ ಆ ಕೆಲಸವೇ. ಮಂದಣ್ಣನ ಸಂಸಾರ ನೇರವಾಗದೆ ಓತಿಯ ಕಡೆಗೆ ದಾರಿಯಿಲ್ಲ. ಕಾನು ಉಳಿಸೋಕೆ ಹೊರಟ ಯಾವ ಗುಂಪಿಗೂ ಇದು ಎದುರಾಗುತ್ತೆ: ಪಕ್ಕದ ಮನೆಯವರ ಸೊಪ್ಪಿನ ಜಗಳ, ಬಗರ್‌ಹುಕುಂ ಅರ್ಜಿ, ಮಗನ ಫೀಸು. ಇದು ನಮ್ಮ ಕೆಲಸ ಅಲ್ಲ, ನಾವು ಗಿಡಕ್ಕೆ ಬಂದವರು ಅಂದ್ರೆ ಅಲ್ಲಿಗೆ ಮುಗೀತು.

ಇನ್ನೊಂದು, ಕೊನೆಗೆ ಅವರಿಗೆ ಏನೂ ಸಿಗಲ್ಲ. ಓತಿ ಕಣಿವೆಗೆ ಹಾರಿ ಹೋಗುತ್ತೆ. ಫಲಿತಾಂಶದ ಸ್ಲೈಡ್ ಇಲ್ಲ, ‘ಇಂತಿಷ್ಟು ಗಿಡ ನೆಟ್ಟೆವು’ ಅನ್ನೋ ಬ್ಯಾನರ್ ಇಲ್ಲ. ನಮ್ಮ ಪ್ರೇಕ್ಷಕ, ನಮ್ಮ ದಾನಿ, ನಮ್ಮ ಸಿಎಸ್‌ಆರ್ ಮ್ಯಾನೇಜರ್ ಈ ಕೊನೆಯನ್ನ ಒಪ್ಪಲ್ಲ. (ನಿಜ ಜೀವನದ ಹಾರುವ ಓತಿ ಅಡಿಕೆ ತೋಟದಲ್ಲೂ ಸಿಗುತ್ತೆ. ಗೋಪಾಲಯ್ಯನ ತೋಟದಲ್ಲಿ ಕೂತಿದ್ರೆ ಮಂದಣ್ಣನ ತಂಡ ಅಷ್ಟು ಅಲೆಯಬೇಕಿರಲಿಲ್ಲ ಅಂತ ಒಮ್ಮೊಮ್ಮೆ ನಗು ಬರುತ್ತೆ.)

ತೇಜಸ್ವಿ ಬಗ್ಗೆಯೂ ಒಂದು ತಕರಾರು ಇಟ್ಟುಬಿಡ್ತೀನಿ. ಅವರ ಕಾಡು ಬೆರಗಿನ ಕಾಡು, ಅಲ್ಲಿ ದಿನಾ ಏನಾದ್ರೂ ಒಂದು ನಡೀತಿರುತ್ತೆ. ಏನೂ ನಡೆಯದ ದಿನಗಳನ್ನ ಅವರು ಬರೆಯಲಿಲ್ಲ. ಕಾನು ಕಾಯೋ ಕೆಲಸದಲ್ಲಿ ಏನೂ ನಡೆಯದ ದಿನಗಳೇ ಜಾಸ್ತಿ.

ಅದನ್ನ ಕಣ್ಣಾರೆ ನೋಡಬೇಕು ಅಂದ್ರೆ ಕೊಯಮತ್ತೂರು ಜಿಲ್ಲೆಯ ವಾಲ್ಪಾರೈಗೆ ಹೋಗಬೇಕು. ಟೀ ಎಸ್ಟೇಟುಗಳ ನಡುವೆ ಅಲ್ಲಲ್ಲಿ ಉಳಿದ ಮಳೆಕಾಡಿನ ತುಂಡುಗಳನ್ನ ದಿವ್ಯಾ ಮುದ್ದಪ್ಪ ಮತ್ತು ಟಿ.ಆರ್. ಶಂಕರ್ ರಾಮನ್ ತಮ್ಮ ಸಂಸ್ಥೆ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಮೂಲಕ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಸರಿಮಾಡ್ತಾ ಬಂದಿದ್ದಾರೆ. ಕಾಡೊಳಗಿನ ಬೀಜ ಮುಟ್ಟದೆ, ರಸ್ತೆ ಬದಿ ಬಿದ್ದ ಬೀಜ ಆರಿಸಿ ತಂದು ನರ್ಸರಿಯಲ್ಲಿ ಆ ಜಾಗದ್ದೇ ಜಾತಿಗಳನ್ನ ಬೆಳೆಸ್ತಾರೆ. ಎಸ್ಟೇಟ್ ಕಂಪನಿಗಳ ಜೊತೆ ಕೂತು ಮಾತಾಡ್ತಾರೆ. ಲಂಟಾನ ಕೀಳ್ತಾರೆ, ನೆಡ್ತಾರೆ, ಮುಂದಿನ ವರ್ಷ ಬಂದು ಮತ್ತೆ ಲಂಟಾನ ಕೀಳ್ತಾರೆ. ಹೀಗೆ ಕೈಹಾಕಿದ ತುಂಡುಗಳನ್ನೂ, ಹಾಗೇ ಬಿಟ್ಟ ತುಂಡುಗಳನ್ನೂ ಹೋಲಿಸಿ ನೋಡಿದ ಅಧ್ಯಯನ 2019ರಲ್ಲಿ ಬಂತು. ಕೈಹಾಕಿದ ಕಡೆ ಮರಗಳ ವೈವಿಧ್ಯವೂ, ಹಿಡಿದಿಟ್ಟ ಇಂಗಾಲವೂ ಹೆಚ್ಚಾಗಿದ್ದವು. ಅಂದ್ರೆ ಗಿಡ ನೆಡೋದೇ ತ್ಯಾಜ್ಯ ಅಲ್ಲ. ಎಲ್ಲಿ ಹಾಳಾಗಿದೆಯೋ ಅಲ್ಲಿ, ಯಾವ ಜಾತಿ ಅಂತ ತಿಳಿದು, ಕಳೆ ಕೀಳೋಕೆ ಮೂರನೇ ವರ್ಷವೂ ಬರ್ತೀನಿ ಅನ್ನೋ ಹಟ ಇದ್ರೆ ಮಾತ್ರ. ಮೊದಲ ವರ್ಷದ ಗುಂಡಿಗೆ ಪ್ರಾಯೋಜಕರು ಸಿಗ್ತಾರೆ, ಮೂರನೇ ವರ್ಷದ ಕಳೆಗೆ ಸಿಗಲ್ಲ.

ನಮ್ಮಲ್ಲೂ ಇಂಥ ಕೆಲಸ ನಡೆದಿಲ್ಲ ಅಂತಲ್ಲ. 1983ರ ಸೆಪ್ಟೆಂಬರ್ 8ಕ್ಕೆ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಾಡಿಗೆ ನಡೆದು ಹೋಗಿ ಮರ ಅಪ್ಪಿಕೊಂಡರು, ಪಾಂಡುರಂಗ ಹೆಗಡೆ ಅವರ ಜೊತೆಗಿದ್ದರು. ಅಪ್ಪಿಕೋ ಚಳವಳಿ ಶುರುವಾಗಿದ್ದು ಹೊಸ ಗಿಡದಿಂದಲ್ಲ, ನಿಂತಿದ್ದ ಮರದಿಂದ. ಕುದುರೆಮುಖದ ಕಬ್ಬಿಣದ ಗಣಿ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಕೆ.ಎಂ. ಚಿಣ್ಣಪ್ಪ ನಿವೃತ್ತ ಅರಣ್ಯಾಧಿಕಾರಿ. ಅವರೂ ಅವರ ಜೊತೆಗಾರರೂ ಮಾಡಿದ್ದು ಕಾಗದದ ಕೆಲಸ: ಗುತ್ತಿಗೆ ಪತ್ರ, ನಕ್ಷೆ, ಫೈಲು. 2002ರ ಅಕ್ಟೋಬರಿನಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಇದರ ಮೇಲೆ ಒಂದು ಒಳ್ಳೆ ಕನ್ನಡ ಸಿನಿಮಾ ಯಾಕೆ ಬರಲಿಲ್ಲ ಅಂದ್ರೆ, ಫೈಲಿನಲ್ಲಿ ಫೈಟ್ ಇಲ್ಲ.

ನಮ್ಮೂರಿಗೂ ಇದಕ್ಕೂ ಏನು ಸಂಬಂಧ? ಕಾನು, ಜಡ್ಡಿ ಅಂತ ನಾನು ಊರಲ್ಲಿ ಹೇಳೋಕೆ ಹೋದಾಗ ನಮ್ಮ ಕಾಕಾ ಕೇಳಿದ್ದೂ ಅದನ್ನೇ. “ಅಲ್ಲೋ ತಮ್ಮಾ, ಆ ಕಾಡು ಉಳದ್ರ ನಮ್ಗೇನ್ ಬರ್ತೈತಿ?” ನಾನು ನೀರು ಅಂದೆ. ತುಂಗೆ, ಭದ್ರೆ ಎರಡೂ ಹುಟ್ಟೋದು ಕುದುರೆಮುಖದ ಕಾಡಿನ ಗಂಗಾಮೂಲದಲ್ಲಿ. ಸೊರಬದ ಕಾನುಗಳ ನೀರು ದಂಡಾವತಿ, ವರದೆ ಸೇರಿ, ಗಳಗನಾಥದಲ್ಲಿ ತುಂಗಭದ್ರೆಗೆ ಬರುತ್ತೆ, ಅಲ್ಲಿಂದ ಹೊಸಪೇಟೆ ಡ್ಯಾಂ, ಡ್ಯಾಂನಿಂದ ಎಡದಂಡೆ ಕಾಲುವೆ, ಕಾಲುವೆಯಿಂದ ನಮ್ಮ ಗದ್ದೆ. 133 ಟಿಎಂಸಿ ಹಿಡಿಯೋ ಡ್ಯಾಂ ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಮೇಲಿನ ನೆಲ ಬೋಳಾದಷ್ಟೂ ಆ ಮಣ್ಣು ನಮ್ಮ ಡ್ಯಾಮಿಗೇ ಬರೋದು. 2024ರ ಆಗಸ್ಟಿನಲ್ಲಿ ಹತ್ತೊಂಬತ್ತನೇ ಗೇಟು ಕೊಚ್ಚಿಹೋದಾಗ ಸಿಂಧನೂರಿನ ಕಡೆ ಯಾರಿಗೂ ನಿದ್ದೆ ಹತ್ತಿರಲಿಲ್ಲ, ಕಾಕಾಗೂ.

ಕಾಕಾ ತಲೆ ಆಡಿಸಿದ. ಆಮೇಲೆ ಕೇಳಿದ: “ಹಂಗಾರ ನೀ ಹೇಳಿದ ಆ ರಾಮಪತ್ರಿ ಕಾಡಿನ ನೀರೂ ನಮ್ಗs ಬರ್ತೈತೇನು?”

ಇಲ್ಲ. ಕತ್ತಲೆಕಾನಿನ ನೀರು ಶರಾವತಿಗೆ ಹೋಗಿ ಅರಬ್ಬೀ ಸಮುದ್ರ ಸೇರುತ್ತೆ. ನಮ್ಮ ನೆಲ್ಲಿಗೆ ಅದರ ಒಂದು ಹನಿಯೂ ಇಲ್ಲ. ಕಾಕಾನ ಆ ಪ್ರಶ್ನೆ, ಕಾಡಿನ ಬಗ್ಗೆ ನಾವು ಮಾಡೋ ಎಲ್ಲ ಮನವಿಗಳ ವಿಮರ್ಶೆ ಅನಿಸಿತು ನನಗೆ. ನೀರು ಬರುತ್ತೆ, ಮಳೆ ಬರುತ್ತೆ, ಆಮ್ಲಜನಕ ಬರುತ್ತೆ ಅಂತ ಲಾಭ ತೋರಿಸಿ ಕಾಡು ಉಳಿಸಿ ಅಂದ್ರೆ, ಲಾಭ ಬರದ ಕಾಡಿಗೆ ಏನು ಹೇಳೋಣ? ಜಗತ್ತಿನಲ್ಲಿ ಇಷ್ಟೇ ಉಳಿದಿದೆ ಅನ್ನೋದೊಂದೇ ಕಾರಣ ಆಗಿರೋ ಮರಕ್ಕೆ? ನಾನು ಕಾಕಾಗೆ ಇದ್ದದ್ದು ಇದ್ದಂಗೆ ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಿದ್ರೂ ಇರ್ಲಿ ಬಿಡು, ಹಳೀದು ಅಂತಿ” ಅಂದ. ನಮ್ಮ ಆಫೀಸಲ್ಲೂ ಹಳೇ ಕೋಡಿನ ಬಗ್ಗೆ ಹಿರಿಯರು ಹೀಗೇ ಅಂತಾರೆ: ಯಾರು ಬರೆದರೋ, ಏನಕ್ಕೆ ಬೇಕೋ, ಮುಟ್ಟೋಕೆ ಹೋಗಬೇಡ.

ಹಾಗಾದ್ರೆ ಬೆಂಗಳೂರಲ್ಲಿ ಕೂತ ನಮ್ಮಂಥವರು ಏನು ಮಾಡಬಹುದು ಅಂತ ಕೇಳಿದರೆ, ನಮಗೆ ಬರೋ ಕೆಲಸವನ್ನೇ. ಹಲವು ಕಾನುಗಳ ಎಲ್ಲೆ ಕಂದಾಯದ ದಾಖಲೆಯಲ್ಲಿ ಒಂಥರ, ನೆಲದ ಮೇಲೆ ಇನ್ನೊಂಥರ ಇದೆ. ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ನೋಡೋದು ನಮಗೆ ಎರಡು ನಿಮಿಷದ ಮಾತು. ಊರಿನ ಹಿರಿಯರ ಜೊತೆ ಅಂಚು ಸುತ್ತಿ, ಗುರುತು ಹಾಕಿ, ಹಳೇ ನಕ್ಷೆಯ ಪಕ್ಕ ಇಟ್ಟು ಗ್ರಾಮ ಪಂಚಾಯ್ತಿಯ ಜೀವವೈವಿಧ್ಯ ಸಮಿತಿಗೆ ಕೊಡಬಹುದು. ಆ ಸಮಿತಿ ಕಾನೂನು ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಇರಬೇಕು. ಮರಗಳ ಪಟ್ಟಿ ಮಾಡಬಹುದು. ಯಾವ ಮರ ಯಾವ ತಿಂಗಳು ಹೂ ಬಿಟ್ಟಿತು ಅಂತ ‘ಸೀಸನ್‌ವಾಚ್’ನಂಥ ಕಡೆ ವರ್ಷಗಟ್ಟಲೆ ದಾಖಲಿಸಬಹುದು. ಇದ್ಯಾವುದೂ ಫೋಟೋಕ್ಕೆ ಚೆನ್ನಾಗಿ ಬರಲ್ಲ.

ಆ ಸಿದ್ದಾಪುರದ ಸಹೋದ್ಯೋಗಿಯ ಊರಲ್ಲಿ ಹೀಗೊಂದು ಪಟ್ಟಿ ಶುರುವಾಗಿದೆ. ನಾನು ಎರಡು ಸಲ ಹೋಗಿದ್ದೆ. ಅಲ್ಲೊಬ್ಬರು ವಯಸ್ಸಾದವರು, ಮರದ ತೊಗಟೆಯನ್ನ ಉಗುರಲ್ಲಿ ಕೆರೆದು, ಮೂಸಿ ನೋಡಿ ಹೆಸರು ಹೇಳ್ತಾರೆ. ನಾನು ಫೋನಿನ ಹಾಳೆಯಲ್ಲಿ ಬರ್ಕೊಳ್ತಾ ಹಿಂದೆ ನಡೀತೀನಿ. ಒಂದು ಕಾಲಂ ಊರಿನ ಹೆಸರಿಗೆ, ಇನ್ನೊಂದು ಸಸ್ಯಶಾಸ್ತ್ರದ ಹೆಸರಿಗೆ. ಹದಿನಾಲ್ಕು ಮರಗಳ ಮುಂದೆ ಎರಡನೇ ಕಾಲಂ ಇನ್ನೂ ಖಾಲಿ ಇದೆ. ಅದನ್ನ ತುಂಬಬಲ್ಲವರು ಯಾರಾದ್ರೂ ಇದ್ದರೆ ಮಳೆ ಶುರುವಾಗೋ ಮುಂಚೆ, ಹೂವು ಇರುವಾಗಲೇ ಬರಬೇಕು. ಉಳಿಯೋಕೆ ಅವರ ಮನೆಯ ಜಗುಲಿ ಇದೆ. ಇಂಬಳ ಇರುತ್ತೆ, ಸುಣ್ಣ ತಂದುಕೊಳ್ಳಿ.